ತೊಯ್ದ ಮೇಲೆ ಎತ್ತೋರ್ಯಾರು?

ಮನೇಲಿ ಬೆಕ್ಕು, ನಾಯಿ ಇದ್ದೋರು ನೆಲಕ್ಕೆ ಏನು ಹಾಸಬೇಕು ಅಂತ ನಮ್ಮ ಓಣಿಯೋರೇ ಮೂರು ಜನ ಕೇಳಿದ್ರು. ಒಬ್ಬರಿಗೆ ಬಾಯಲ್ಲಿ ಹೇಳಿದೆ, ಇನ್ನೊಬ್ಬರಿಗೆ ಫೋನಲ್ಲಿ ಹೇಳಿದೆ, ಮೂರನೇಯೋರು ಕೇಳಿದಾಗ ತಡೀರಿ ಬರೆದೇ ಬಿಡ್ತೀನಿ ಅಂದೆ. ಉಪ್ಪಿನಕಾಯಿ ಬರೆದಾಯ್ತು, ಚಟ್ನಿಪುಡಿ ಬರೆದಾಯ್ತು, ಈಗ ಬೆಕ್ಕಿನ ಉಚ್ಚೇನೂ ಬರೀತಾಳೆ ಅಂತ ನಗಬ್ಯಾಡ್ರಿ. ತೊಳೆಯೋರು ನಾವೇ ಅಲ್ವಾ, ಬರೆಯೋಕೆ ಇನ್ಯಾರು ಬರ್ತಾರೆ.

ಹಿಂದೆ ಈ ಪ್ರಶ್ನೇನೇ ಇರಲಿಲ್ಲ. ಸಗಣಿ ಸಾರಿಸಿದ ನೆಲ ಇತ್ತು, ಆಮೇಲೆ ಕಡಪ ಕಲ್ಲು ಬಂತು, ರೆಡ್ ಆಕ್ಸೈಡ್ ಬಂತು. ಬೆಕ್ಕು ಅಟ್ಟದ ಮೇಲೆ, ನಾಯಿ ಕಟ್ಟೆ ಕೆಳಗೆ. ಯಾರಾದ್ರೂ ಬಂದ್ರೆ ಗೂಟದ ಮೇಲಿನ ಕಂಬಳಿ ಹಾಸೋದು, ಇಲ್ಲಾಂದ್ರೆ ಈಚಲು ಚಾಪೆ. ಅವರು ಎದ್ದು ಹೋದ ಮೇಲೆ ಕೊಡವಿ ಸುತ್ತಿ ಇಡೋದು. ಹಗಲು ರಾತ್ರಿ ನೆಲದ ಮೇಲೇ ಬಿದ್ದಿರೋ ಹಾಸು ನಾವು ನೋಡಿದ್ದು ಮದುವೆ ಛತ್ರದಲ್ಲಿ ಮಾತ್ರ. ಈಗ ಮನೆ ತುಂಬ ಟೈಲ್ಸು. ನೋಡೋಕೆ ಕನ್ನಡಿ ಇದ್ದಂಗೆ, ಕಾಲಿಟ್ರೆ ಚಳಿ, ಒಂದು ಹನಿ ನೀರು ಬಿದ್ರೆ ಜಾರುಬಂಡೆ. ನಮ್ಮತ್ತೆಗೆ ಎಂಬತ್ತು ದಾಟೈತೆ, ಮಂಡಿನೋವು. ಅವರು ನಡೆಯೋ ಜಾಗಕ್ಕೆ, ಕೂರೋ ಜಾಗಕ್ಕೆ ಏನಾದ್ರೂ ಹಾಸಲೇಬೇಕು. ಮಾವನೋರು ಹೋದ ಮೇಲೆ ಪುಟ್ಟಿ, ಅಂದ್ರೆ ನಮ್ಮ ಬೆಕ್ಕು, ಅತ್ತೆ ಪಕ್ಕ ಬಿಟ್ಟು ಕದಲೋದಿಲ್ಲ. ಅತ್ತೆ ಇದ್ದ ಕಡೆ ಹಾಸು, ಹಾಸು ಇದ್ದ ಕಡೆ ಬೆಕ್ಕು. ವರಾಂಡದಲ್ಲಿ ಕರಿಯ ಅಂತ ನಾಯಿ ಬೇರೆ.

ಮಗ ಬೆಂಗಳೂರಿಂದ ಒಂದು ಕಾರ್ಪೆಟ್ಟು ಕಳಿಸಿದ. ಪ್ರೀತಿಯಿಂದಾನೇ ಕಳಿಸಿದ್ದು, ಅಜ್ಜಿ ಕಾಲು ತಣ್ಣಗಾಗಬಾರದು ಅಂತ. ಉದ್ದುದ್ದ ತುಪ್ಪಳ ಇರೋದು, ಕಾಲಿಟ್ರೆ ಹೂತು ಹೋಗೋದು. ಬೆಲೆ ನಾಲ್ಕು ಸಾವಿರದ ಮೇಲೆ. ಎರಡನೇ ವಾರಕ್ಕೆ ಪುಟ್ಟಿ ಅದರ ಮೂಲೇಲಿ ಉಚ್ಚೆ ಹೊಯ್ದಳು. ಒರೆಸಿದ್ವಿ. ಮತ್ತೆ ಅಲ್ಲೇ ಹೊಯ್ದಳು. ತಿಂಗಳಾಗೋದ್ರೊಳಗೆ ಬಾಗಿಲು ತೆಗೆದ್ರೆ ವಾಸನೆ. ನಮ್ಮನೆಯೋರು ಒಂದು ದಿನ ಗೋಣಿಚೀಲ ತಂದು ನಿಂತ್ರು, ಬೆಕ್ಕನ್ನ ತೋಟಕ್ಕೆ ಬಿಟ್ಟು ಬರ್ತೀನಿ ಅಂತ. ಅತ್ತೆ ಒಂದು ಮಾತೂ ಆಡಲಿಲ್ಲ, ಆ ರಾತ್ರಿ ಊಟ ಮಾಡಲಿಲ್ಲ ಅಷ್ಟೆ. ನಾನು ಹೇಳಿದೆ, "ಹದಿನೈದು ದಿನ ಟೈಮ್ ಕೊಡ್ರಿ, ಬೆಕ್ಕು ಹೋಗಬೇಕೋ ಕಾರ್ಪೆಟ್ಟು ಹೋಗಬೇಕೋ ನೋಡಾಣ."

ಆ ಕಾರ್ಪೆಟ್ಟನ್ನ ಅಡಿಕೆ ತೂಗೋ ತಕ್ಕಡಿ ಮೇಲೆ ಇಟ್ಟು ನೋಡಿದೆ. ಒಣಗಿದ್ದಾಗ ಏಳು ಕಿಲೋ. ನಾನೂ ಕೆಲಸದ ಹುಡುಗೀನೂ ಸೇರಿ ಹಿತ್ತಲಲ್ಲಿ ತೊಳೆದು, ನೀರು ಸೋರ್ತಿರೋವಾಗ್ಲೇ ಮತ್ತೆ ಇಟ್ವಿ: ಇಪ್ಪತ್ನಾಲ್ಕು ಕಿಲೋ! ಅರ್ಧ ಮೂಟೆ ಅಕ್ಕಿ. ಅದನ್ನ ಹಿಂಡೋಕೆ ಆಗೋದಿಲ್ಲ, ತಂತಿಗೆ ಹಾಕಿದ್ರೆ ತಂತಿ ಜೋತು ಬೀಳ್ತೈತೆ, ಮೂರು ದಿನ ಆದ್ರೂ ಬುಡ ಒಣಗೋದಿಲ್ಲ. ಅವತ್ತು ನನಗೆ ಒಂದು ವಿಷಯ ಖಚಿತ ಆಯ್ತು. ಅಂಗಡಿಯೋರು ಮೆತ್ತಗೈತಾ, ಬಣ್ಣ ಚಂದೈತಾ, ಬೆಲೆ ಎಷ್ಟು ಅಂತ ಹೇಳ್ತಾರೆ. ನಾವು ಕೇಳಬೇಕಾದ್ದು ಬೇರೆ: ಇದು ಪೂರ್ತಿ ತೊಯ್ದಾಗ ಒಬ್ಬಳೇ ಎತ್ತಬಹುದಾ? ಒಂದು ಬಿಸಿಲಿಗೆ ಒಣಗ್ತೈತಾ? ಇವೆರಡಕ್ಕೂ ಹೌದು ಅಂದ್ರೆ ಮನೆಗೆ ತರ್ರಿ. ಪುಕ್ಕಟೆ ಕೊಟ್ರೂ ಬ್ಯಾಡ ಅನ್ನೋ ಹಾಸುಗಳು ಅದಾವೆ.

ಬೆಕ್ಕಿನ ಉಚ್ಚೆ ಯಾಕೆ ಅಷ್ಟು ಹಟಮಾರಿ ಅಂತ ತಿಳ್ಕಳ್ರಿ, ಆಗ ಬಟ್ಟೆ ಆರಿಸೋದು ಸುಲಭ. ಅದರಲ್ಲಿ ಯೂರಿಯಾ ಇರ್ತೈತೆ, ಅದು ಕೊಳೆತು ಅಮೋನಿಯಾ ಆಗ್ತೈತೆ, ಮೂಗಿಗೆ ಹೊಡೆಯೋದು ಅದು. ಸೋಪು ನೀರಿಗೆ ಅಷ್ಟು ಹೋಗ್ತೈತೆ. ಆದ್ರೆ ಯೂರಿಕ್ ಆಮ್ಲ ಅಂತ ಇನ್ನೊಂದೈತೆ, ಅದು ಹರಳು ಕಟ್ಟಿ ನೂಲಿನೊಳಗೆ ಕೂತ್ಕಂತೈತೆ, ನೀರಿಗೆ ಸುಲಭಕ್ಕೆ ಕರಗೋದಿಲ್ಲ. ಒಣಗಿದಾಗ ವಾಸನೆ ಹೋಯ್ತು ಅಂದ್ಕಂತೀವಿ, ಮಳೆಗಾಲದ ತೇವಕ್ಕೆ ಮತ್ತೆ ಏಳ್ತೈತೆ. ನಮ್ಮ ಮೂಗಿಗೆ ಗೊತ್ತಾಗದೆ ಇದ್ರೂ ಬೆಕ್ಕಿಗೆ ಗೊತ್ತಾಗ್ತೈತೆ, ಇದೇ ನನ್ನ ಜಾಗ ಅಂತ ಅಲ್ಲೇ ಬರ್ತೈತೆ. ಹಂಗಾಗಿ ಎಷ್ಟು ದಪ್ಪನೆ ಹಾಸೋ ಅಷ್ಟು ತೊಂದರೆ. ಕೆಲವು ಬೆಕ್ಕುಗಳಿಗೆ ಮೆತ್ತನೆ ತುಪ್ಪಳ, ರಬ್ಬರ್ ಬೆನ್ನಿನ ಬಚ್ಚಲ ಮ್ಯಾಟು ಕಂಡ್ರೆ ಉಚ್ಚೆ ಹೊಯ್ಯೋಕೆ ಹೇಳಿ ಮಾಡಿಸಿದಂಗೆ.

ಇನ್ನ ಒಂದೊಂದು ಸಾಮಾನು.

ನಮ್ಮ ತವರು ಜಗಳೂರು ಕಡೆ. ಅಲ್ಲಿ ಹಾಸು ಅಂದ್ರೆ ಕಂಬಳೀನೇ. ಚಳ್ಳಕೆರೆ ಸಂತೆ ಕಂಬಳಿ, ಆ ಕಡೆ ಹೊಳೆ ದಾಟಿದ್ರೆ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಂಬಳಿ. ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯ್ತಾರೆ, ಹೊಸದಾಗಿದ್ದಾಗ ಹಪ್ಪಳದಂಗೆ ಬಿರುಸು. ಕುರಿ ಉಣ್ಣೇಲಿ ಜಿಡ್ಡು ಇರ್ತೈತೆ, ಅದಕ್ಕೇ ಕುರಿ ಕಾಯೋರು ಮಳೇಲಿ ಕಂಬಳಿ ಕೊಪ್ಪೆ ಹಾಕ್ಕಂಡು ನಿಲ್ಲೋದು, ನೀರು ಮೇಲಿಂದಲೇ ಜಾರ್ತೈತೆ. ಬೆಕ್ಕು ಹೊಯ್ದಿದ್ದು ಕಂಡ ತಕ್ಷಣ ಒಣಬಟ್ಟೆ ಒತ್ತಿದ್ರೆ ಮುಕ್ಕಾಲು ಅಲ್ಲೇ ಬಂದ್ಬಿಡ್ತೈತೆ. ಕಾಣದೆ ಇಂಗಿದ್ರೆ ಮಾತ್ರ ಕಷ್ಟ. ಕಂಬಳಿಗೆ ಬಿಸಿನೀರು ಹಾಕಿದ್ರೆ ಕುಗ್ಗಿ ಗಂಟಾಗ್ತೈತೆ. ಸೋಡಾ, ಬ್ಲೀಚಿಂಗ್ ಪೌಡರ್ ಹಾಕಿದ್ರೆ ನೂಲೇ ಸಾಯ್ತೈತೆ, ಉಣ್ಣೆ ಅಂದ್ರೆ ನಮ್ಮ ಕೂದಲಿದ್ದಂಗೆ. ತಣ್ಣೀರು, ಅಂಟುವಾಳ, ಹಿಂಡದೆ ಹರಡಿ ಒಣಗಿಸೋದು, ಅಷ್ಟೆ. ಜಗಳೂರಂಥ ಊರಿಗೆ ಅದು ಸರಿ, ಅಲ್ಲಿ ಬಿಸಿಲಿಗೆ ಬರ ಇಲ್ಲ, ನೀರಿಗೈತೆ. ಕಾರ್ಪೆಟ್ಟು ತೊಳೆಯೋ ನೀರಲ್ಲಿ ಅಲ್ಲಿ ಒಂದು ದಿನದ ಸಂಸಾರ ನಡೀತೈತೆ. ಕೊಡವಿ, ಬಡಿದು, ಬಿಸಿಲಿಗೆ ಹಾಕಿ ಮಡಚೋದೇ ಅಲ್ಲಿನ ತೊಳೆಯೋದು. (ನಾಯಿ ಮೈಮೇಲಿರೋ ಉಣ್ಣೇಗೂ ಕುರಿ ಮೈಮೇಲಿನ ಉಣ್ಣೇಗೂ ಒಂದೇ ಹೆಸರು ಯಾಕಿಟ್ರೋ. ಮೊಮ್ಮಗಳು ಕೇಳಿದ್ಲು, ನನಗೆ ಉತ್ತರ ಬರಲಿಲ್ಲ.)

ಆದ್ರೆ ನಮ್ಮತ್ತೆ ಕಂಬಳಿ ಮೇಲೆ ಬೆಕ್ಕು ಮಲಗೋದನ್ನ ಒಪ್ಪಲ್ಲ. ಅದು ಗದ್ದುಗೆಗೆ ಹಾಸೋದು, ಪೂಜೆಗೆ ಹಾಸೋದು ಅಂತಾರೆ. ಅವರ ಮಾತು ಸರಿ. ಕಂಬಳಿ ಕಪಾಟಿಗೆ ಹೋಯ್ತು, ಬೇವಿನೆಲೆ ಜೊತೆ.

ನಮ್ಮ ಜಿಲ್ಲೆ ನೋಡೋಕೆ ಒಂದೇ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋತನಕ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ. ಜಿಲ್ಲೆ ಒಂದಾದ್ರೂ ಮಳೆ ಒಂದಾಗಲಿಲ್ಲ. ನಾದಿನಿ ಇರೋದು ನ್ಯಾಮತೀಲಿ, ಮಲೆನಾಡಿನ ಅಂಚು. ಅವಳು ಅಂಗಡೀಲಿ ಚಂದ ಕಂಡು ಸೆಣಬಿನ ಹಾಸು ತಂದಿದ್ಲು, ಈಗಿನ ಹುಡುಗ್ರು ಜೂಟ್ ಅಂತಾರೆ, ನಮ್ಮ ಗೋಣಿಚೀಲದ ಅಣ್ಣನೇ. ಆಷಾಢದ ಜಿಟಿಜಿಟಿ ಮಳೇಲಿ ಅದು ಒಂದು ಸಲ ತೊಯ್ದಿದ್ದು ಒಣಗಲೇ ಇಲ್ಲ, ಕಪ್ಪಾಗಿ ಬೂಷ್ಟು ಬಂತು. ಸೆಣಬು ನೀರು ಕುಡಿದ್ರೆ ಬಲ ಕಳ್ಕಂತೈತೆ, ಬಣ್ಣಾನೂ ಕೆಡ್ತೈತೆ. ಗೋಣಿಚೀಲ ಹರಿದ್ರೆ ಎಸೆದು ಇನ್ನೊಂದು ಹಾಕ್ತೀವಿ, ದುಡ್ಡು ಕೊಟ್ಟು ತಂದ ಹಾಸನ್ನ ಹಂಗೆ ಎಸೆಯೋಕೆ ಮನಸ್ಸು ಬರ್ತೈತಾ? ಕರಿಯನಿಗೆ ವರಾಂಡದಲ್ಲಿ ಗೋಣಿಚೀಲಾನೇ ಹಾಕೋದು ನಾನು, ಅದಕ್ಕಿಂತ ಒಳ್ಳೇದು ಅವನಿಗೆ ಬ್ಯಾಡ. ತೆಂಗಿನ ನಾರಿನ ಮ್ಯಾಟು ಬಾಗಿಲ ಹೊರಗೆ ಚಲೋ, ನೀರಿಗೆ ಕೊಳೆಯೋದು ನಿಧಾನ, ಅಂಗಾಲಿನ ಮಣ್ಣು ಚೆನ್ನಾಗಿ ಹಿಡೀತೈತೆ. ಹಿಡಿದ ಕೂದಲನ್ನೂ ಬಿಡೋದಿಲ್ಲ, ಹಂಗಾಗಿ ಒಳಗೆ ಬ್ಯಾಡ.

ನ್ಯಾಮತಿಗೆ ಸರಿಹೋಗಿದ್ದು ಪ್ಲಾಸ್ಟಿಕ್ ಚಾಪೆ. ಪಾಲಿಪ್ರೊಪಿಲೀನ್ ಅಂತಾರಂತೆ, ಅಕ್ಕಿ ಗೊಬ್ಬರದ ಬಿಳೀ ಚೀಲ ಮಾಡೋದೂ ಅದರಲ್ಲೇ. ಆ ನೂಲು ನೀರು ಕುಡಿಯೋದೇ ಇಲ್ಲ. ಒಣಗಿದ್ದಾಗ ಎಷ್ಟೋ, ತೊಳೆದು ಝಾಡಿಸಿದ ಮೇಲೂ ಹೆಚ್ಚುಕಮ್ಮಿ ಅಷ್ಟೇ ತೂಕ. ಒಂದು ಕೈಯಲ್ಲಿ ಎತ್ತಿ ಗೋಡೆ ಮೇಲೆ ಹಾಕಿದ್ರೆ ಗಂಟೆಯೊಳಗೆ ಒಣಗ್ತೈತೆ. ನಾಲ್ಕಡಿ ಆರಡಿದು ನಾನು ಮುನ್ನೂರೈವತ್ತಕ್ಕೆ ತಂದೆ. ಮೂರು ವಿಷಯ ನೆನಪಿಡ್ರಿ. ಉಚ್ಚೆ ನೇಯ್ಗೆ ಸಂದಿಯಿಂದ ಕೆಳಗಿಳಿದು ಟೈಲ್ಸ್ ಮೇಲೆ ನಿಲ್ತೈತೆ, ಹಂಗಾಗಿ ಚಾಪೆ ಎತ್ತಿ ಕೆಳಗೂ ಒರೆಸಬೇಕು, ಮೇಲೆ ಒರೆಸಿ ಸುಮ್ನಾದ್ರೆ ವಾಸನೆ ಎಲ್ಲಿಂದ ಬರ್ತೈತೆ ಅಂತ ಮನೆಯೆಲ್ಲ ಹುಡುಕ್ತೀರಿ. ಬಿಸಿಲಿಗೆ ದಿನಗಟ್ಟಲೆ ಬಿಟ್ರೆ ಪುಡಿಪುಡಿ ಆಗ್ತೈತೆ, ನೆರಳಲ್ಲಿ ಒಣಗಿಸ್ರಿ. ಅಂಚು ಬಿಚ್ಚಿ ಎಳೆ ಬಂದ್ರೆ ಅವತ್ತೇ ಕತ್ತರಿಸಿ ಬಟ್ಟೆ ಪಟ್ಟಿ ಹೊಲೀರಿ, ಬೆಕ್ಕು ಉದ್ದನೆ ಎಳೆ ನುಂಗಿದ್ರೆ ಕರುಳಿಗೆ ಸಿಕ್ಕಿ ಜೀವಕ್ಕೇ ಬರ್ತೈತೆ.

ಚನ್ನಗಿರೀಲಿ ನಮ್ಮಕ್ಕಂದು ಇನ್ನೊಂದು ಥರ. ಅಲ್ಲಿ ಬಿಸಿಲೂ ಐತೆ, ನೀರೂ ಐತೆ, ಜಾಗ ಇಲ್ಲ. ಅಡಿಕೆ ಕೊಯ್ಲು ಶುರುವಾದ್ರೆ ಅಂಗಳ, ಮಾಳಿಗೆ, ದಾರಿ ಬದಿ ಎಲ್ಲಾ ಬೇಯಿಸಿದ ಅಡಿಕೆಗೇ. ಆ ತಿಂಗಳುಗಳಲ್ಲಿ ಮಾಳಿಗೆ ಮೇಲೆ ಜಮಖಾನ ಒಣಗಿಸ್ತೀನಿ ಅಂದ್ರೆ ಭಾವ ಮುಖ ನೋಡ್ತಾರೆ. ಅಲ್ಲದೆ ಅಡಿಕೆ ಚೊಗರು ತುಳಿದ ಕಾಲಲ್ಲೇ ಒಳಗೆ ಬರ್ತಾರೆ, ಹತ್ತಿಗೆ ಆ ಕಲೆ ಹತ್ತಿದ್ರೆ ಹೋಗೋದಿಲ್ಲ. ಅಕ್ಕ ಕಂಡುಕೊಂಡ ಉಪಾಯ, ಕಾಫಿಪುಡಿ ಬಣ್ಣದ ಹಾಸೇ ತರೋದು, ದೊಡ್ಡದು ಒಂದರ ಬದಲು ಸಣ್ಣವು ಮೂರು. ಸಣ್ಣದಾದ್ರೆ ಕಿಟಕಿ ಸರಳಿಗೂ ಒಣಗ್ತೈತೆ.

ಅಕ್ಕನ ಆ ಮಾತೇ ನಾನು ಹಿಡ್ಕಂಡಿದ್ದು. ನಮ್ಮ ಹಾಲಿಗೆ, ಅತ್ತೆ ಕೋಣೆಗೆ ಕೊನೆಗೆ ಬಂದಿದ್ದು ಹತ್ತಿ ಜಮಖಾನ, ಮೂರಡಿ ಐದಡಿಯವು ನಾಲ್ಕು. ಎರಡು ನೆಲದ ಮೇಲೆ, ಎರಡು ಕಪಾಟಲ್ಲಿ. ತಕ್ಕಡಿಗೆ ಹಾಕಿದೆ: ಒಣಗಿದ್ದು ಒಂದೂಕಾಲು ಕಿಲೋ, ಸೋರೋ ಹಂಗೆ ತೊಯ್ದಿದ್ದು ನಾಲ್ಕು. ಒಂದು ಬಿಂದಿಗೆ ನೀರಿನಷ್ಟೂ ಇಲ್ಲ. ನನ್ನ ಸೊಂಟ ಅದಕ್ಕೆ ತಕರಾರು ಮಾಡೋದಿಲ್ಲ. ಜಮಖಾನದಲ್ಲಿ ತುಪ್ಪಳ ಇಲ್ಲ, ಕುಣಿಕೆ ಇಲ್ಲ, ಚಪ್ಪಟೆ ನೇಯ್ಗೆ. ಬೆಕ್ಕಿನ ಉಗುರು ಸಿಕ್ಕಾಕಂಡು ಎಳೆ ಕೀಳೋದಿಲ್ಲ. ಎರಡು ಕಡೇನೂ ಹಾಸಬಹುದು. ಹತ್ತಿ ಅಂದ ಮೇಲೆ ಉಚ್ಚೆ ಹೀರ್ತೈತೆ, ಸುಳ್ಳು ಹೇಳೋದ್ಯಾಕೆ. ಆದ್ರೆ ಹೀರಿದ್ದನ್ನ ಬಿಡ್ತೈತೆ. ತೆಳ್ಳಗಿರೋದ್ರಿಂದ ನೀರು ಆಚೆಯಿಂದ ಈಚೆಗೆ ಹಾಯ್ತೈತೆ, ಕುಟ್ಟಬಹುದು, ಒಗೆಯೋ ಕಲ್ಲಿಗೆ ಬಡೀಬಹುದು, ಬಿಸಿಲಿಗೆ ಹೆದರೋದಿಲ್ಲ. ಮೊದಲ ಸಲ ಬೇರೆ ಬಟ್ಟೆ ಜೊತೆ ನೆನೆಸಬ್ಯಾಡ್ರಿ, ಬಣ್ಣ ಬಿಡ್ತೈತೆ.

ಜಮಖಾನ ಅಂದ್ರೆ ನವಲಗುಂದ, ಅದು ಎಲ್ಲರಿಗೂ ಗೊತ್ತು. ಧಾರವಾಡ ಜಿಲ್ಲೆಯ ಆ ಊರಲ್ಲಿ ಹೆಣ್ಮಕ್ಕಳೇ ಮಗ್ಗದ ಮುಂದೆ ಕೂತು ನವಿಲು, ಪಗಡೆ ಹಾಸು ಮೂಡಿಸಿ ನೇಯ್ತಾರೆ, ಜಿಐ ಗುರುತೂ ಸಿಕ್ಕೈತೆ. ಅಂಥದ್ದನ್ನ ಬೆಕ್ಕಿಗೆ ಹಾಸಬ್ಯಾಡ್ರಿ, ಗೋಡೆಗೆ ಹಾಕ್ರಿ, ಮಗಳಿಗೆ ಕೊಡ್ರಿ. ನಾನು ಹೇಳ್ತಿರೋದು ಬಟ್ಟೆ ಅಂಗಡೀಲಿ ಸಿಗೋ ಸಾದಾ ಪಟ್ಟೆಪಟ್ಟೆ ಜಮಖಾನ. ತಗಳ್ಳೋವಾಗ ಒಂದು ಎಳೆ ಕಿತ್ತು ಕೊಡಂತ ಕೇಳಿ, ಹೊರಗೆ ಬಂದು ಕಡ್ಡಿ ಗೀರ್ರಿ. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ, ಬೂದಿ ಉದುರ್ತೈತೆ. ಪಾಲಿಯೆಸ್ಟರ್ ಬೆರೆಸಿದ್ರೆ ಕರಗಿ ಗಟ್ಟಿ ಮಣಿ ಆಗ್ತೈತೆ. ಅಂಗಡಿಯೋನು ಬೈಕಳ್ಳಲಿ, ದುಡ್ಡು ನಮ್ದು.

ಟೈಲ್ಸ್ ಮೇಲೆ ಜಮಖಾನ ಜಾರ್ತೈತೆ, ಅತ್ತೆಯಂಥೋರಿಗೆ ಅದು ಅಪಾಯ. ರಬ್ಬರ್ ಬೆನ್ನು ಅಂಟಿಸಿರೋದು ತರಬ್ಯಾಡ್ರಿ, ನಿಧಾನಕ್ಕೆ ಒಣಗ್ತೈತೆ, ವರ್ಷ ಕಳೆಯೋದ್ರಲ್ಲಿ ಬಿಸಿಲಿಗೆ ಬಿರಿದು ಪುಡಿ ಉದುರ್ತೈತೆ. ಜಾಲರಿ ಜಾಲರಿ ಇರೋ ಜಾರದ ಮ್ಯಾಟು ಮೀಟರ್ ಲೆಕ್ಕದಲ್ಲಿ ಸಿಗ್ತೈತೆ, ಹಾಸಿನ ಅಳತೆಗೆ ಕತ್ತರಿಸಿ ಕೆಳಗೆ ಹಾಕ್ರಿ. ಅದನ್ನೂ ಎತ್ತಿ ತೊಳೀಬಹುದು.

ಕೌದಿ ಹಾಕಬಹುದಲ್ಲ ಅಂತ ಪಕ್ಕದ ಮನೆ ಅಕ್ಕ ಕೇಳಿದ್ರು. ಹಳೇ ಸೀರೆ ನಾಲ್ಕೈದು ಪದರ ಸೇರಿಸಿ ಹೊಲಿದಿರ್ತೀವಿ, ಉಚ್ಚೆ ನಡುವಿನ ಪದರಕ್ಕೆ ಹೋದ್ರೆ ಹೊರಗೆ ಬರೋದಿಲ್ಲ. ಅದೇ ಹಳೇ ಸೀರೇನ ಹೊಲಿಯದೆ ನಾಲ್ಕು ಮಡಿಕೆ ಮಾಡಿ, ಬೆಕ್ಕು ಮಲಗೋ ಜಾಗದಲ್ಲಿ ಜಮಖಾನದ ಮೇಲೆ ಹಾಕ್ರಿ. ವಾರಕ್ಕೊಂದು ಸಲ ಅದನ್ನ ಒಗೆದ್ರೆ ಸಾಕು, ಜಮಖಾನ ತಿಂಗಳಿಗೊಂದು ಸಲ. ಕೂದಲಿಗೆ ಪೊರಕೆ ಕೆಲಸಕ್ಕೆ ಬರೋದಿಲ್ಲ. ಪಾತ್ರೆ ತಿಕ್ಕೋ ರಬ್ಬರ್ ಕೈಗವಸು ಸ್ವಲ್ಪ ಒದ್ದೆ ಮಾಡ್ಕಂಡು ಒಂದೇ ದಿಕ್ಕಿಗೆ ಸವರ್ರಿ, ಉಂಡೆ ಉಂಡೆ ಬರ್ತೈತೆ.

ಹಾಸಿನ ಮೇಲೆ ಉಚ್ಚೆ ಕಂಡ್ರೆ ಉಜ್ಜಬ್ಯಾಡ್ರಿ, ಒಣಬಟ್ಟೆ ಇಟ್ಟು ಕಾಲಲ್ಲಿ ಒತ್ರಿ. ಆಮೇಲೆ ತಣ್ಣೀರು. ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಹಾಕಿ ಹತ್ತು ನಿಮಿಷ ಬಿಟ್ಟು ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕ್ರಿ. ಹಳೇ ವಾಸನೆಗೆ ಎನ್‌ಜೈಮ್ ಇರೋ ದ್ರಾವಣ ಮಾರ್ತಾರೆ, ಆ ಹರಳನ್ನ ಒಡೆಯೋದು ಅದೊಂದೇ, ದುಬಾರಿ ಆದ್ರೂ ಒಂದು ಬಾಟ್ಲಿ ತುಂಬ ದಿನ ಬರ್ತೈತೆ. ಉಚ್ಚೆ ಮೇಲೆ ಬ್ಲೀಚಿಂಗ್ ಹಾಕಬ್ಯಾಡ್ರಿ, ಅಮೋನಿಯಾ ಜೊತೆ ಸೇರಿದ್ರೆ ವಿಷದ ಹೊಗೆ ಏಳ್ತೈತೆ. ಇನ್ನ ಫಿನಾಯಿಲ್! ನಮಗೆ ಅದರ ವಾಸನೆ ಬಂದ್ರೇನೇ ಮನೆ ಶುದ್ಧ ಅನ್ನಿಸೋದು. ಕರೀದಾಗ್ಲಿ, ನೀರಿಗೆ ಹಾಕಿದ್ರೆ ಹಾಲಿನಂಗೆ ಆಗೋ ಬಿಳೀದಾಗ್ಲಿ, ಬೆಕ್ಕಿಗೆ ವಿಷ. ಅದು ನಡೆದಾಡಿದ ಕಾಲನ್ನ ನೆಕ್ಕತೈತೆ, ಅದರ ಲಿವರ್‌ಗೆ ಆ ಮದ್ದನ್ನ ಅರಗಿಸೋ ಶಕ್ತಿ ಇಲ್ಲ. ಹಂಗೇ ನಾಯಿಗೆ ಹಾಕೋ ಉಣ್ಣೆ ಪುಡಿ, ಪರ್ಮೆಥ್ರಿನ್ ಅಂತ ಬರೆದಿರ್ತೈತೆ, ಬೆಕ್ಕಿಗೆ ಯಾವತ್ತೂ ಹಾಕಬ್ಯಾಡ್ರಿ. ಚಿಗಟದ ಮೊಟ್ಟೆ ಪ್ರಾಣಿ ಮೈಯಿಂದ ಉದುರಿ ಹಾಸಿನಲ್ಲೇ ಮರಿ ಆಗೋದು. ಮೈಗೆ ಮದ್ದು ಹಾಕಿ ಹಾಸು ಒಗೆಯದಿದ್ರೆ ಏನೂ ಉಪಯೋಗ ಇಲ್ಲ.

ಪುಟ್ಟಿ ವಿಷಯಕ್ಕೆ ಬಂದ್ರೆ, ಹದಿನೈದು ದಿನ ಕೇಳಿದ್ದೆ, ಹತ್ತಕ್ಕೇ ಆಯ್ತು. ತುಪ್ಪಳದ ಕಾರ್ಪೆಟ್ಟು ಎತ್ತಿದ್ವಿ, ಹಿಂದಿನ ಬಾಗಿಲ ಹತ್ರ ಹಳೇ ಟಬ್ಬಿಗೆ ಸಡಿಲ ಮಣ್ಣು ಹಾಕಿ ಇಟ್ವಿ, ದಿನಾ ಬದಲಾಯಿಸ್ತೀನಿ. ಅಲ್ಲಿಗೇ ಹೋಗ್ತಾಳೆ. ನಿಮ್ಮದು ಗಂಡು ಬೆಕ್ಕಾಗಿದ್ದು ಗೋಡೆಗೆಲ್ಲ ಚಿಮ್ಮಿಸ್ತಿದ್ರೆ ಯಾವ ಹಾಸು ಹಾಕಿದ್ರೂ ಅಷ್ಟೆ, ಪಶು ಆಸ್ಪತ್ರೇಲಿ ಕೇಳಿ ಬೀಜದ ಆಪರೇಷನ್ ಮಾಡಿಸ್ರಿ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕಿದ್ರೂ ಉಚ್ಚೆ ಬರದಿದ್ರೆ ಮಾತ್ರ ಹಾಸಿನ ಚಿಂತೆ ಬಿಟ್ಟು ಅವತ್ತೇ ಡಾಕ್ಟರ್ ಹತ್ರ ಓಡ್ರಿ, ನಾಳೆಗೆ ಇಡಬ್ಯಾಡ್ರಿ.

ನಮ್ಮನೆಯೋರು ಗೋಣಿಚೀಲ ವಾಪಸ್ ಕೊಟ್ಟಿಗೆಗೆ ಹಾಕಿದ್ರು. ಜಮಖಾನ ಮಾತ್ರ ಹಾಲಿಗೆ ಸಣ್ಣದಾಯ್ತು, ಬಂದೋರು ಏನಂತಾರೆ ಅಂತ ಇನ್ನೂ ಅಂತಿರ್ತಾರೆ. ದೊಡ್ಡದು ತರ್ರಿ, ಒಗೆಯೋದು ನೀವು ಅಂದ್ರೆ ಪೇಪರ್ ಓದೋಕೆ ಶುರು ಮಾಡ್ತಾರೆ. ಮಗನಿಗೆ ಬೇಜಾರಾಗಬಾರದು ಅಂತ ಆ ಕಾರ್ಪೆಟ್ಟನ್ನ ಮಾಳಿಗೆ ಕೋಣೇಲಿ ಹಾಸಿದ್ದೀವಿ, ಅಲ್ಲಿಗೆ ಬೆಕ್ಕು ಹತ್ತೋದಿಲ್ಲ, ಅವನು ಬಂದಾಗ ಅದರ ಮೇಲೇ ಕೂತು ಲ್ಯಾಪ್‌ಟಾಪ್ ಒತ್ತುತಾನೆ.

ಮುಂದಿನ ವಾರ ನಾದಿನಿ ದಾವಣಗೆರೆಗೆ ಹೋಗ್ತಾಳೆ. ಮೂರಡಿ ಐದಡಿ ಜಮಖಾನ ಯಾರಿಗಾದ್ರೂ ಬೇಕಿದ್ರೆ ಭಾನುವಾರದೊಳಗೆ ಎಷ್ಟು, ಯಾವ ಬಣ್ಣ ಅಂತ ನನಗೆ ಹೇಳ್ರಿ. ಬಿಳಿ ಬೆಕ್ಕು ಇದ್ದೋರು ಕಪ್ಪು ಹೇಳಬ್ಯಾಡ್ರಿ.